ಹಳೇ ಡೆಸ್ಕ್‌ಟಾಪಿಗೆ ಎಷ್ಟು ಸ್ವಾಪ್, ಹೊಸ ಲ್ಯಾಪ್‌ಟಾಪಿಗೆ ಎಷ್ಟು?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೊ, ಮದುವೆ ಕಾರ್ಡು ಇವೇ ಕೆಲಸ. ಡೆಸ್ಕ್‌ಟಾಪ್ ಹಳೆಯದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಲಿನಕ್ಸ್ ಮಿಂಟ್ ಹಾಕಿಕೊಟ್ಟವರು "ರ‍್ಯಾಮಿನ ಎರಡರಷ್ಟು ಸ್ವಾಪ್ ಇರಬೇಕು" ಅಂತ ಡಿಸ್ಕಿನಲ್ಲಿ 8 ಜಿಬಿ ಬಿಟ್ಟರು. ಆದರೂ ಬ್ರೌಸರ್ ಜೊತೆ ಫೋಟೊ ತಿದ್ದುವ ಜಿಂಪ್ ತೆರೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಡಿಸ್ಕ್ ಲೈಟು ಉರಿಯುತ್ತಲೇ ಇರುತ್ತದೆ. ಸ್ವಾಪ್ 16 ಜಿಬಿ ಮಾಡಲೇ? ಇನ್ನೊಂದು ವಿಷಯ. ಮಗಳು ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪಿಗೆ ಉಬುಂಟು ಹಾಕಬೇಕು. ಅದರಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದೆ. ಒಬ್ಬರು ಈಗಿನ ಕಾಲದಲ್ಲಿ ಸ್ವಾಪೇ ಬೇಡ ಅನ್ನುತ್ತಾರೆ. ಇನ್ನೊಬ್ಬರು ಎಸ್‌ಎಸ್‌ಡಿಯಲ್ಲಿ ಸ್ವಾಪ್ ಇಟ್ಟರೆ ಅದು ಬೇಗ ಹಾಳಾಗುತ್ತದೆ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಮಸ್ಕಾರ. ಮೊದಲು 16 ಜಿಬಿ ವಿಚಾರ ಬಿಡಿ. ನಿಮ್ಮ ಅಂಗಡಿಯ ಯಂತ್ರಕ್ಕೆ ಈಗಿರುವ 8 ಜಿಬಿಯೇ ಜಾಸ್ತಿ. ಅದನ್ನು 2 ಜಿಬಿಗೆ ಇಳಿಸಿ, ಜೊತೆಗೆ ಝಡ್‌ರ‍್ಯಾಮ್ ಅನ್ನುವುದನ್ನು ಹಾಕಿ (ಅದೇನು ಅಂತ ಮುಂದೆ ಹೇಳುತ್ತೇನೆ). ಮಗಳ ಲ್ಯಾಪ್‌ಟಾಪಿಗೆ 4 ಜಿಬಿ ಸಾಕು. ಹೈಬರ್ನೇಟ್ (ತೆರೆದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರಿಸುವುದು) ಮಾಡಲೇಬೇಕು ಅಂದರೆ ಮಾತ್ರ 10 ಜಿಬಿ ಕೊಡಿ. ಇಷ್ಟೇ ಬೇಕಿದ್ದರೆ ಇಲ್ಲಿಗೆ ನಿಲ್ಲಿಸಬಹುದು. ಯಾಕೆ ಅಂತ ಗೊತ್ತಾದರೆ ಮುಂದೆ ಇನ್ನೊಂದು ಯಂತ್ರ ಬಂದಾಗ ಯಾರನ್ನೂ ಕೇಳಬೇಕಾಗಿಲ್ಲ, ಅದಕ್ಕೆ ಮುಂದಿನದನ್ನು ಬರೆಯುತ್ತಿದ್ದೇನೆ.

ನಿಮಗೆ ಸಲಹೆ ಕೊಟ್ಟ ಮೂವರೂ ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು ಅಂತ ನೋಡಿದ್ದಾರೆ. ನೀವು ಅದರಲ್ಲಿ ಏನು ಮಾಡುತ್ತೀರಿ ಅಂತ ಒಬ್ಬರೂ ಕೇಳಿದ ಹಾಗಿಲ್ಲ. ಸ್ವಾಪ್ ಎಷ್ಟು ಬೇಕು ಅನ್ನುವುದು ಅಲ್ಲಿಂದ ಶುರುವಾಗಬೇಕು.

ಸ್ವಾಪ್ ಅಂದರೆ ಮೆಮೊರಿ ಸಾಲದಾದಾಗ ಬಳಸಲು ಸಾಮಾನ್ಯವಾಗಿ ಡಿಸ್ಕಿನಲ್ಲಿ ಬಿಟ್ಟ ಜಾಗ, ಮನೆಯ ಅಟ್ಟ ಇದ್ದ ಹಾಗೆ. ದಿನಾ ಬೇಕಾಗದ ಸಾಮಾನನ್ನು ಮೇಲೆ ಹಾಕಿದರೆ ಕೆಳಗೆ ಓಡಾಡಲು ಜಾಗ ಸಿಗುತ್ತದೆ. ಹೊತ್ತು ಹೊತ್ತಿಗೂ ಬೇಕಾಗುವ ಪಾತ್ರೆಯನ್ನೂ ಅಲ್ಲಿಟ್ಟರೆ ಇಡೀ ದಿನ ಏಣಿ ಹತ್ತಿ ಇಳಿಯುವುದೇ ಆಗುತ್ತದೆ. ಅಟ್ಟ ದೊಡ್ಡದು ಮಾಡಿದರೆ ಅಡುಗೆಮನೆ ದೊಡ್ಡದಾಗುವುದಿಲ್ಲ, ಅಲ್ವಾ?

ಈಗ ಒಳಗೆ ನಿಜವಾಗಿ ಆಗುವುದು ಏನು ನೋಡೋಣ. ಲಿನಕ್ಸಿನ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಅದು ಮೆಮೊರಿಯನ್ನು 4 ಕಿಲೋಬೈಟಿನ ತುಂಡುಗಳಾಗಿ ನೋಡುತ್ತದೆ. ಒಂದೊಂದು ತುಂಡಿಗೆ ಪೇಜ್ ಅನ್ನುತ್ತಾರೆ. ಪೇಜ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಡಿಸ್ಕಿನ ಫೈಲುಗಳಿಂದ ಬಂದದ್ದು. ಪ್ರೋಗ್ರಾಮುಗಳ ಕೋಡ್, ನೀವು ತೆರೆದ ಫೈಲುಗಳು ಇದರಲ್ಲಿ ಬರುತ್ತವೆ. ಜಾಗ ಬೇಕಾದರೆ ಕರ್ನಲ್ ಇವನ್ನು ಎಸೆಯುತ್ತದೆ. ಮತ್ತೆ ಬೇಕಾದಾಗ ಡಿಸ್ಕಿನಿಂದ ಓದಿಕೊಳ್ಳುತ್ತದೆ. ಎರಡನೆಯದು ಪ್ರೋಗ್ರಾಮು ತಾನೇ ಹುಟ್ಟಿಸಿಕೊಂಡದ್ದು. ಬ್ರೌಸರಿನ ಟ್ಯಾಬಿನಲ್ಲಿ ನೀವು ಅರ್ಧ ತುಂಬಿದ ಅರ್ಜಿ, ಜಿಂಪ್‌ನಲ್ಲಿ ತಿದ್ದುತ್ತಿರುವ ಫೋಟೊ ಇಂಥವು. ಇವಕ್ಕೆ ಡಿಸ್ಕಿನಲ್ಲಿ ನಕಲು ಇರುವುದಿಲ್ಲ. ಎಸೆದರೆ ಹೋಯಿತು. ಇವನ್ನು ಹೊರಗೆ ಹಾಕಲು ಇರುವ ಜಾಗವೇ ಸ್ವಾಪ್.

"ಸ್ವಾಪೇ ಬೇಡ" ಅನ್ನುವವರ ಮಾತು ಎಡವುವುದು ಇಲ್ಲಿ. ಸ್ವಾಪ್ ಇಲ್ಲದಿದ್ದರೆ ಎರಡನೇ ಜಾತಿಯ ಪೇಜ್ ಒಂದನ್ನೂ ಅಲ್ಲಾಡಿಸುವ ಹಾಗಿಲ್ಲ. ಬೆಳಿಗ್ಗೆ ತೆರೆದು ಮರೆತ ಟ್ಯಾಬ್ ಕೂಡ ರ‍್ಯಾಮ್‌ನಲ್ಲೇ ಬೇರು ಬಿಟ್ಟು ಕೂತಿರುತ್ತದೆ. ಒತ್ತಡ ಬಂದಾಗ ಕರ್ನಲ್‌ಗೆ ಎಸೆಯಲು ಸಿಗುವುದು ಮೊದಲನೇ ಜಾತಿ ಮಾತ್ರ. ಅಂದರೆ ಈಗ ಓಡುತ್ತಿರುವ ಪ್ರೋಗ್ರಾಮಿನ ಕೋಡನ್ನೇ ಎಸೆಯುತ್ತದೆ. ಮರುಕ್ಷಣ ಅದೇ ಬೇಕಾಗುತ್ತದೆ, ಡಿಸ್ಕಿನಿಂದ ಓದುತ್ತದೆ, ಮತ್ತೆ ಎಸೆಯುತ್ತದೆ. ಹಾಗಾಗಿ ಸ್ವಾಪ್ ತೆಗೆದರೆ ಯಂತ್ರ ಹೆಪ್ಪುಗಟ್ಟುವುದು ತಪ್ಪುತ್ತದೆ ಅನ್ನುವುದು ನಿಜವಲ್ಲ. ಸ್ವಾಪ್ ಇಲ್ಲದೆಯೂ ಡಿಸ್ಕ್ ಲೈಟು ಹಾಗೇ ಉರಿಯುತ್ತದೆ. 16 ಜಿಬಿ, 32 ಜಿಬಿ ರ‍್ಯಾಮ್ ಇದ್ದವರಿಗೂ ನಾನು 2 ಜಿಬಿಯಾದರೂ ಇಟ್ಟುಕೊಳ್ಳಿ ಅಂತಲೇ ಹೇಳುವುದು.

ಇನ್ನು ಎರಡರಷ್ಟು ಅನ್ನುವ ಲೆಕ್ಕ. ಅದು ಸುಳ್ಳೇನಲ್ಲ, ಹಳೆಯದು. 64 ಎಂಬಿ ರ‍್ಯಾಮ್ ಇದ್ದ ಕಾಲದಲ್ಲಿ ಎರಡರಷ್ಟು ಅಂದರೆ 128 ಎಂಬಿ. 2001ರಲ್ಲಿ ಬಂದ 2.4 ಕರ್ನಲ್‌ನ ಮೊದಲ ಆವೃತ್ತಿಗಳಲ್ಲಿ ಇದಕ್ಕೆ ಗಟ್ಟಿ ಕಾರಣವೂ ಇತ್ತು. ಒಂದು ಪೇಜನ್ನು ಸ್ವಾಪ್‌ನಿಂದ ರ‍್ಯಾಮ್‌ಗೆ ವಾಪಸ್ ತಂದ ಮೇಲೂ ಸ್ವಾಪ್‌ನಲ್ಲಿ ಅದರ ಜಾಗ ಖಾಲಿಯಾಗುತ್ತಿರಲಿಲ್ಲ. ಸ್ವಾಪ್ ರ‍್ಯಾಮ್‌ನಷ್ಟೇ ಇದ್ದರೆ ಹೆಚ್ಚು ಕಡಿಮೆ ಇಲ್ಲದ ಹಾಗೇ. ಆಮೇಲೆ ಅದು ಸರಿಹೋಯಿತು, ಆದರೆ ಲೆಕ್ಕ ಬಾಯಿಂದ ಬಾಯಿಗೆ ಉಳಿದುಕೊಂಡಿತು. ತುಮಕೂರಿನಲ್ಲಿ ಕಾಲೇಜು ಲ್ಯಾಬ್‌ಗಳಿಗೆ ಲಿನಕ್ಸ್ ಹಾಕಿಕೊಡುವಾಗ ಇಂದಿಗೂ ನನಗೆ ಇದೇ ಮಾತು ಕೇಳಿಸುತ್ತದೆ. ಲ್ಯಾಬ್ ಮ್ಯಾನುಯಲ್‌ನಲ್ಲಿ ಹಾಗೇ ಇದೆಯಂತೆ. 32 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ 64 ಜಿಬಿ ಸ್ವಾಪ್ ಬಿಟ್ಟು ಏನು ಮಾಡುವುದು ಹೇಳಿ.

ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸಿಗೆ ಕೊಡುವ ಕೋಷ್ಟಕವನ್ನು ತುಂಬಾ ಜನ ತೋರಿಸುತ್ತಾರೆ. ರ‍್ಯಾಮ್ 2 ಜಿಬಿವರೆಗೆ ಇದ್ದರೆ ಎರಡರಷ್ಟು, 2ರಿಂದ 8 ಜಿಬಿ ಇದ್ದರೆ ರ‍್ಯಾಮ್‌ನಷ್ಟೇ, ಅದಕ್ಕಿಂತ ಜಾಸ್ತಿ ಇದ್ದರೆ ಕನಿಷ್ಠ 4 ಜಿಬಿ. ಹೈಬರ್ನೇಟ್ ಬೇಕಿದ್ದರೆ ಇನ್ನೂ ಜಾಸ್ತಿ. ಏನೂ ಗೊತ್ತಿಲ್ಲದಾಗ ಶುರು ಮಾಡಲು ಪರವಾಗಿಲ್ಲ. ಆದರೆ ಆ ಕೋಷ್ಟಕಕ್ಕೆ ನಿಮ್ಮದು ತಿರುಗುವ ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಅನ್ನುವುದು ಗೊತ್ತಿಲ್ಲ. ನಿಮ್ಮ ತೊಂದರೆಯ ಬೇರು ಇರುವುದು ಅಲ್ಲೇ.

ಲೆಕ್ಕ ಹಾಕಿ ನೋಡಿ. ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ತಿರುಗಬೇಕು, ಸೂಜಿಯಂಥ ತಲೆ ಸರಿಯಾದ ಜಾಗಕ್ಕೆ ಹೋಗಬೇಕು. ಒಂದು ಸಲ ಹುಡುಕಲು 10 ಮಿಲಿಸೆಕೆಂಡಿನ ಆಸುಪಾಸು. ಅಂದರೆ ಸೆಕೆಂಡಿಗೆ ನೂರು ಹುಡುಕಾಟ. ಸ್ವಾಪ್‌ನಿಂದ ಓದುವಾಗ ಕರ್ನಲ್ ಸಾಮಾನ್ಯವಾಗಿ ಅಕ್ಕಪಕ್ಕದ್ದೂ ಸೇರಿಸಿ 8 ಪೇಜ್ ಒಟ್ಟಿಗೆ ಎತ್ತುತ್ತದೆ, 32 ಕಿಲೋಬೈಟ್. ನೂರು ಸಲ ಎತ್ತಿದರೆ ಸೆಕೆಂಡಿಗೆ 3 ಎಂಬಿ ಚಿಲ್ಲರೆ. ನಿಮ್ಮ ಬ್ರೌಸರಿನ 300 ಎಂಬಿ ಸ್ವಾಪ್‌ಗೆ ಹೋಗಿ ಚದುರಿಬಿಟ್ಟಿದ್ದರೆ ಅದನ್ನು ವಾಪಸ್ ತರಲು ಒಂದೂವರೆ ನಿಮಿಷ ಬೇಕು. ಅಷ್ಟು ಹೊತ್ತು ಮೌಸ್ ಅಲ್ಲಾಡದೆ ಇರುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಸಾವಿರಗಟ್ಟಲೆ ಇಂಥ ಓದು ಮುಗಿಸುತ್ತದೆ.

ಹಾರ್ಡ್ ಡಿಸ್ಕಿನಲ್ಲಿ ಸ್ವಾಪ್ ದೊಡ್ಡದು ಮಾಡಿದರೆ ಆಗುವುದು ಒಂದೇ. ಯಂತ್ರ ನರಳುವ ಹೊತ್ತು ಉದ್ದವಾಗುತ್ತದೆ. ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್‌ನಲ್ಲಿ ಊಮ್ ಕಿಲ್ಲರ್ ಅಂತ ಒಂದು ಏರ್ಪಾಡು ಎದ್ದು, ಜಾಸ್ತಿ ತಿನ್ನುತ್ತಿರುವ ಪ್ರೋಗ್ರಾಮನ್ನು ಮುಚ್ಚುತ್ತದೆ. ಕೆಲಸ ಹೋಗುತ್ತದೆ ನಿಜ, ಆದರೆ ಯಂತ್ರ ಉಳಿಯುತ್ತದೆ. ನಿಮ್ಮಲ್ಲಿ 8 ಜಿಬಿ ಸ್ವಾಪ್ ತುಂಬುವವರೆಗೆ ಅದು ಏಳುವುದೇ ಇಲ್ಲ. ಆ ವೇಗದಲ್ಲಿ 8 ಜಿಬಿ ತುಂಬಲು ಎಷ್ಟು ಹೊತ್ತಾಗಬೇಕು! ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾರೆ, ನೀವು ಪವರ್ ಬಟನ್ ಒತ್ತಿ ಹಿಡಿದಿರುತ್ತೀರಿ.

ಏನನ್ನೂ ಬದಲಾಯಿಸುವ ಮುಂಚೆ ಒಂದು ಸಲ ಅಳೆದು ನೋಡಿ. ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಇರುತ್ತದಲ್ಲ, ಅಂಥ ನೂಕುನುಗ್ಗಲಿನ ಹೊತ್ತಲ್ಲಿ ನೋಡಬೇಕು. ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ನೋಡಿದರೆ ಎಲ್ಲಾ ಚೆನ್ನಾಗೇ ಕಾಣುತ್ತದೆ. ಟರ್ಮಿನಲ್ ತೆರೆದು 'ಫ್ರೀ' ಕಮಾಂಡ್ ಕೊಡಿ, ಮುಂದೆ ಮೈನಸ್ ಎಚ್. (ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ.) ಅದರಲ್ಲಿ 'ಫ್ರೀ' ಅನ್ನುವ ಕಾಲಂ ನೋಡಿ ಗಾಬರಿಯಾಗಬೇಡಿ. ಲಿನಕ್ಸ್ ಖಾಲಿ ರ‍್ಯಾಮನ್ನೆಲ್ಲ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಆ ಅಂಕಿ ಯಾವಾಗಲೂ ಸಣ್ಣದೇ. ಕೊನೆಯ 'ಅವೈಲಬಲ್' ಕಾಲಂ ನೋಡಿ. ಹೊಸ ಪ್ರೋಗ್ರಾಮಿಗೆ ನಿಜವಾಗಿ ಸಿಗುವ ಜಾಗದ ಅಂದಾಜು ಅದು.

ಸ್ವಾಪ್ ಸಾಲಿನಲ್ಲಿ 500 ಎಂಬಿಯೋ 1 ಜಿಬಿಯೋ ಬಳಕೆಯಲ್ಲಿದೆ ಅಂತ ಕಂಡರೆ ಅದೊಂದೇ ತೊಂದರೆಯ ಗುರುತಲ್ಲ. ಬೆಳಿಗ್ಗೆ ಒಂದು ಸಲ ಹೊರಗೆ ಹೋದ ಪೇಜ್‌ಗಳು ಯಾರೂ ಕೇಳದೆ ಅಲ್ಲೇ ಮಲಗಿದ್ದರೆ ಒಳ್ಳೆಯದೇ. ತೊಂದರೆ ಇರುವುದು ಓಡಾಟದಲ್ಲಿ. ಅದನ್ನು ನೋಡಲು 'ವಿಎಂಸ್ಟಾಟ್ 1' ಅಂತ ಕೊಡಿ. ಸೆಕೆಂಡಿಗೊಂದು ಸಾಲು ಬರುತ್ತದೆ. 'ಎಸ್‌ಐ' ಅಂದರೆ ಸ್ವಾಪ್‌ನಿಂದ ಒಳಗೆ ಬಂದದ್ದು, 'ಎಸ್‌ಒ' ಅಂದರೆ ಹೊರಗೆ ಹೋದದ್ದು. ಮೊದಲ ಸಾಲು ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಉಳಿದ ಸಾಲುಗಳಲ್ಲಿ ಎರಡೂ ಸೊನ್ನೆ, ಅಥವಾ ಆಗೊಮ್ಮೆ ಈಗೊಮ್ಮೆ ಒಂದು ಅಂಕಿ ಇದ್ದರೆ ನಿಶ್ಚಿಂತೆ. ಎರಡೂ ಕಾಲಂನಲ್ಲಿ ಸಾವಿರದ ಅಂಕಿಗಳು ನಿಲ್ಲದೆ ಬರುತ್ತಿದ್ದರೆ ನಿಮಗೆ ಬೇಕಿರುವುದು ರ‍್ಯಾಮ್. ಸ್ವಾಪ್ ಎಷ್ಟು ಹಾಕಿದರೂ ಅದು ನಿಲ್ಲುವುದಿಲ್ಲ.

ನಿಮ್ಮಲ್ಲಿ ರ‍್ಯಾಮ್ ತಿನ್ನುವವರು ಯಾರು ಅಂತ ಊಹಿಸುವುದು ಕಷ್ಟವಲ್ಲ. ಬ್ರೌಸರ್ ಮೊದಲನೆಯದು. ಜಿಂಪ್ ವಿಷಯಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಎ4 ಅಳತೆಯ ಕಾರ್ಡನ್ನು 300 ಡಿಪಿಐನಲ್ಲಿ ಮಾಡಿದರೆ 2480 ಗುಣಿಸು 3508 ಪಿಕ್ಸೆಲ್, ಸುಮಾರು 87 ಲಕ್ಷ. ಒಂದು ಪಿಕ್ಸೆಲ್‌ಗೆ 4 ಬೈಟ್ ಅಂದರೂ ಒಂದು ಲೇಯರಿಗೆ 35 ಎಂಬಿ. ಮದುವೆ ಕಾರ್ಡಿಗೆ ಗಣಪತಿ, ಬಾರ್ಡರು, ಹೂವು, ಅಕ್ಷರ ಅಂತ ಹತ್ತು ಲೇಯರ್ ಆದರೆ 350 ಎಂಬಿ. ಅದರ ಮೇಲೆ ಅನ್‌ಡೂಗೆ ಬೇರೆ. 4 ಜಿಬಿಯಲ್ಲಿ ಸಿಸ್ಟಮ್ಮಿಗೇ ಸುಮಾರು ಒಂದು ಜಿಬಿ ಹೋಗಿರುತ್ತದೆ, ಉಳಿದದ್ದರಲ್ಲಿ ಬ್ರೌಸರ್ ಜೊತೆ ಇದೂ ಹೊಂದಿಕೊಳ್ಳಬೇಕು. ಜಿಂಪ್‌ನ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಮ್ ರಿಸೋರ್ಸಸ್ ಅಂತ ಒಂದು ಪುಟ ಇದೆ. ಅಲ್ಲಿ ಟೈಲ್ ಕ್ಯಾಶ್ (ಜಿಂಪ್ ಚಿತ್ರಗಳಿಗೆ ಬಳಸುವ ಮೆಮೊರಿ) ಅಳತೆಯನ್ನು 1 ಜಿಬಿಗೆ ಇಳಿಸಿ. ಅದನ್ನು ಮೀರಿದ್ದನ್ನು ಜಿಂಪ್ ತನ್ನದೇ ಬೇರೆ ಸ್ವಾಪ್ ಫೈಲಿಗೆ ಬರೆದುಕೊಳ್ಳುತ್ತದೆ. ಆಗ ಜಿಂಪ್ ನಿಧಾನವಾದರೂ ಇಡೀ ಯಂತ್ರ ನಿಲ್ಲುವುದಿಲ್ಲ. ಇದನ್ನು ಹೇಳುವವರು ಕಡಿಮೆ, ಡಿಟಿಪಿ ಮಾಡುವವರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಈಗ ಝಡ್‌ರ‍್ಯಾಮ್. ರ‍್ಯಾಮ್‌ನದೇ ಒಂದು ಭಾಗವನ್ನು ಸ್ವಾಪ್ ಡಿಸ್ಕ್ ಅಂತ ತೋರಿಸಿ, ಅದಕ್ಕೆ ಹೋಗುವ ಪೇಜ್‌ಗಳನ್ನು ಕುಗ್ಗಿಸಿ ಇಡುವ ಏರ್ಪಾಡು ಇದು. 2014ರ 3.14 ಕರ್ನಲ್‌ನಿಂದ ಲಿನಕ್ಸಿನ ಒಳಗೇ ಇದೆ. ಸಾಮಾನ್ಯವಾಗಿ ಎರಡು ಪೇಜಿನ ಜಾಗದಲ್ಲಿ ನಾಲ್ಕರಿಂದ ಆರು ಪೇಜ್ ಹಿಡಿಸುತ್ತದೆ. ಕುಗ್ಗಿಸಲು ಪ್ರೊಸೆಸರ್ ಸ್ವಲ್ಪ ದುಡಿಯಬೇಕು, ಆದರೆ ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ಅದು ಲೆಕ್ಕಕ್ಕೇ ಇಲ್ಲ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸಿನ 2020ರ ಆವೃತ್ತಿ 33 ಇದನ್ನೇ ಮಾಮೂಲಿ ಸ್ವಾಪ್ ಮಾಡಿಕೊಂಡಿತು. ರ‍್ಯಾಮಿನ ಅರ್ಧ, 4 ಜಿಬಿ ಮೀರದ ಹಾಗೆ. ಮುಂದಿನ ಆವೃತ್ತಿಯಲ್ಲೇ ಅದನ್ನು ರ‍್ಯಾಮಿನಷ್ಟು, 8 ಜಿಬಿ ಮೀರದ ಹಾಗೆ ಅಂತ ಏರಿಸಿದರು. ಡಿಸ್ಕಿನಲ್ಲಿ ಸ್ವಾಪ್ ಇಲ್ಲವೇ ಇಲ್ಲ.

ಮಿಂಟ್‌ನಲ್ಲಿ 'ಝಡ್‌ರ‍್ಯಾಮ್ ಟೂಲ್ಸ್' ಪ್ಯಾಕೇಜ್ ಹಾಕಿ. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗೆ 'ಝಡ್‌ರ‍್ಯಾಮ್‌ಸ್ವಾಪ್' ಫೈಲ್ ಇರುತ್ತದೆ. ಅದರಲ್ಲಿ ಪರ್ಸೆಂಟ್ ಅನ್ನುವ ಸಾಲನ್ನು 50 ಮಾಡಿ. ಅಂದರೆ 2 ಜಿಬಿ. ಆಲ್ಗೊ ಅನ್ನುವ ಸಾಲಿನಲ್ಲಿ ಪ್ರೊಸೆಸರ್ ತುಂಬಾ ಹಳೆಯದಾದರೆ ಎಲ್‌ಝಡ್4, ಪರವಾಗಿಲ್ಲ ಅಂದರೆ ಝಡ್‌ಎಸ್‌ಟಿಡಿ. ಎರಡನೆಯದು ಇನ್ನೂ ಚೆನ್ನಾಗಿ ಕುಗ್ಗಿಸುತ್ತದೆ, ಸ್ವಲ್ಪ ನಿಧಾನ. ಸೇವೆಯನ್ನು ಮರುಚಾಲೂ ಮಾಡಿ, 'ಸ್ವಾಪ್‌ಆನ್' ಕಮಾಂಡಿಗೆ ಮೈನಸ್ ಮೈನಸ್ ಶೋ ಸೇರಿಸಿ ನೋಡಿದರೆ ಎರಡು ಸ್ವಾಪ್ ಕಾಣಬೇಕು. ಪ್ರಯಾರಿಟಿ ಕಾಲಂನಲ್ಲಿ ಝಡ್‌ರ‍್ಯಾಮ್‌ನ ಅಂಕಿ ದೊಡ್ಡದಿರಬೇಕು. ಕರ್ನಲ್ ಮೊದಲು ಅದನ್ನು ತುಂಬುತ್ತದೆ, ಆಮೇಲೆ ಡಿಸ್ಕಿಗೆ ಹೋಗುತ್ತದೆ.

ಇದರಲ್ಲೂ ಒಂದು ಕೊರತೆ ಇದೆ. ಝಡ್‌ರ‍್ಯಾಮ್ ತುಂಬಿದ ಮೇಲೆ ಬರುವುದೆಲ್ಲ ಡಿಸ್ಕಿನ ಪಾಲು. ಯಾರೂ ಮುಟ್ಟದ ಹಳೇ ಪೇಜ್‌ಗಳು ವೇಗದ ಜಾಗದಲ್ಲಿ ಕೂತಿರುತ್ತವೆ, ಆಗಾಗ ಬೇಕಾಗುವ ಹೊಸವು ಹಾರ್ಡ್ ಡಿಸ್ಕಿಗೆ ಹೋಗುತ್ತವೆ. ಇದನ್ನು ತಪ್ಪಿಸಲು ಝಡ್‌ಸ್ವಾಪ್ ಅಂತ ಇನ್ನೊಂದು ದಾರಿ ಇದೆ. ಅದು ಡಿಸ್ಕ್ ಸ್ವಾಪ್‌ನ ಮುಂದೆ ನಿಂತು, ಹಳೆಯದನ್ನು ಹಿಂದಕ್ಕೆ ತಳ್ಳುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಎಸ್‌ಎಸ್‌ಡಿಯಲ್ಲಿ ಸ್ವಾಪ್ ಇದ್ದವರಿಗೆ ಝಡ್‌ಸ್ವಾಪ್ ವಾಸಿ. ನಿಮ್ಮಂತೆ ಹಾರ್ಡ್ ಡಿಸ್ಕ್ ಇದ್ದವರು ಡಿಸ್ಕಿಗೆ ಹೋಗುವುದನ್ನೇ ಆದಷ್ಟು ತಪ್ಪಿಸಬೇಕು. ಅದಕ್ಕೇ ಝಡ್‌ರ‍್ಯಾಮ್ ಮುಂದೆ, ಹಿಂದೆ ಆಪತ್ತಿಗೆ 2 ಜಿಬಿ ಡಿಸ್ಕ್ ಸ್ವಾಪ್ ಅಂದದ್ದು.

ಸ್ವಾಪಿನೆಸ್ ಅನ್ನು 10ಕ್ಕೆ ಇಳಿಸಿ ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಮಾಮೂಲಿ ಅಂಕಿ 60. ಮೆಮೊರಿ ಎಷ್ಟು ತುಂಬಿದಾಗ ಸ್ವಾಪ್ ಶುರುವಾಗಬೇಕು ಅನ್ನುವುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ, ತುಂಬಾ ಜನ ಹಾಗೆ ತಿಳಿದಿದ್ದಾರೆ. ಮೇಲೆ ಹೇಳಿದ ಎರಡು ಜಾತಿಯ ಪೇಜ್‌ಗಳಲ್ಲಿ ಯಾವುದನ್ನು ಹೊರಗೆ ಹಾಕುವುದು ಅಗ್ಗ ಅಂತ ಕರ್ನಲ್‌ಗೆ ಹೇಳುವ ಅಂಕಿ ಅದು. 100 ಅಂದರೆ ಎರಡೂ ಸಮ. 2020ರ 5.8 ಕರ್ನಲ್‌ನಿಂದ ಇದನ್ನು 200ರವರೆಗೆ ಏರಿಸಬಹುದು, ಝಡ್‌ರ‍್ಯಾಮ್‌ನಂಥ ವೇಗದ ಸ್ವಾಪ್ ಇರುವವರಿಗೆಂದೇ. ನೀವು ಝಡ್‌ರ‍್ಯಾಮ್ ಹಾಕಿದ ಮೇಲೆ 100 ಇಟ್ಟು ನೋಡಿ. ಕೆಳಗಿಳಿಸಬೇಡಿ.

ಇದರ ಜೊತೆಗೆ 'ಅರ್ಲಿಊಮ್' ಅನ್ನುವ ಪುಟ್ಟ ಪ್ಯಾಕೇಜ್ ಹಾಕಿಕೊಳ್ಳಿ. ಯಂತ್ರ ಹೆಪ್ಪುಗಟ್ಟುವ ಮುಂಚೆಯೇ ಅದು ದೊಡ್ಡ ಪ್ರೋಗ್ರಾಮನ್ನು ಮುಚ್ಚುತ್ತದೆ, ಸಾಮಾನ್ಯವಾಗಿ ಬ್ರೌಸರಿನ ಒಂದು ಟ್ಯಾಬನ್ನು. ಅದು ಕೆಲಸಕ್ಕೆ ಇಳಿಯುವುದು ಸಿಗುವ ಮೆಮೊರಿಯೂ ಖಾಲಿ ಸ್ವಾಪೂ ಎರಡೂ 10 ಶೇಕಡಾಕ್ಕಿಂತ ಕೆಳಗೆ ಬಂದಾಗ. ಎರಡೂ ಅನ್ನುವುದು ಗಮನದಲ್ಲಿರಲಿ. 8 ಜಿಬಿ ಸ್ವಾಪ್ ಹಾಗೇ ಇಟ್ಟುಕೊಂಡು ಇದನ್ನು ಹಾಕಿದರೆ 7 ಜಿಬಿಗೂ ಜಾಸ್ತಿ ತುಂಬುವವರೆಗೆ ಅದು ಸುಮ್ನೆ ನೋಡುತ್ತಾ ಕೂರುತ್ತದೆ.

ಅಂಗಡಿಯವರಾದ್ದರಿಂದ ಇನ್ನೊಂದು ಮಾತು. ನಿಮ್ಮ ಹತ್ತಿರ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಎಲ್ಲಾ ಬರುತ್ತವೆ. ಬ್ರೌಸರಿನಲ್ಲಿ ತೆರೆದ ಪುಟ, ಟೈಪ್ ಮಾಡಿದ ಪಾಸ್‌ವರ್ಡ್ ರ‍್ಯಾಮ್‌ನಿಂದ ಡಿಸ್ಕ್ ಸ್ವಾಪ್‌ಗೆ ಹೋಗಿದ್ದರೆ, ಯಂತ್ರ ಆರಿಸಿದ ಮೇಲೂ ಅದರ ಚೂರುಗಳು ಡಿಸ್ಕಿನಲ್ಲಿ ಉಳಿಯುತ್ತವೆ. ಕಂಪ್ಯೂಟರಿಗೆ ಅವು ಆಮೇಲೆ ಉಪಯೋಗಕ್ಕಿಲ್ಲ, ಹುಡುಕುವವರಿಗೆ ಸಿಗುತ್ತವೆ. ಹಳೇ ಡಿಸ್ಕ್ ಮಾರುವಾಗ ಫೈಲು ಅಳಿಸಿದರೆ ಸಾಲದು, ಇಡೀ ಡಿಸ್ಕ್ ಒರೆಸಬೇಕು. ಝಡ್‌ರ‍್ಯಾಮ್‌ನಲ್ಲಿ ಈ ತಲೆನೋವಿಲ್ಲ. ಕರೆಂಟು ಹೋದರೆ ಅದರಲ್ಲಿದ್ದದ್ದೂ ಹೋಯಿತು. ಹಾಗೆಯೇ, ಕರೆಂಟು ಹೋದಾಗ ಸೇವ್ ಮಾಡದ ಕೆಲಸವನ್ನು ಡಿಸ್ಕಿನ ಸ್ವಾಪ್ ಉಳಿಸಿಕೊಡುತ್ತದೆ ಅಂದುಕೊಳ್ಳಬೇಡಿ. ನಮ್ಮ ಕಡೆಯ ಕರೆಂಟಿಗೆ ಯುಪಿಎಸ್ಸೇ ಗತಿ.

ಇನ್ನು ಮಗಳ ಲ್ಯಾಪ್‌ಟಾಪ್. ಮೊದಲು ಎಸ್‌ಎಸ್‌ಡಿ ಸವೆಯುವ ಭಯ. ಬರೆದಷ್ಟೂ ಎಸ್‌ಎಸ್‌ಡಿ ಸವೆಯುವುದು ನಿಜ. ಒಟ್ಟು ಎಷ್ಟು ಬರೆಯಬಹುದು ಅಂತ ಕಂಪನಿಯವರು ಹೇಳಿರುತ್ತಾರೆ. ನಿಮ್ಮದು ಅಗ್ಗದ್ದೇ ಅಂದುಕೊಂಡು 80 ಟಿಬಿ ಅಂತ ಲೆಕ್ಕ ಹಿಡಿಯಿರಿ. ಅವಳು ದಿನಾ 10 ಜಿಬಿ ಸ್ವಾಪ್‌ಗೆ ಬರೆಸಿದರೂ, ಅದು ತೀರಾ ಜಾಸ್ತಿ, ವರ್ಷಕ್ಕೆ 3.65 ಟಿಬಿ. 80 ಟಿಬಿ ಮುಗಿಯಲು 20 ವರ್ಷ ದಾಟುತ್ತದೆ. ಅಷ್ಟರಲ್ಲಿ ಬ್ಯಾಟರಿ, ಕೀಬೋರ್ಡು, ಹಿಂಜು ಯಾವುದೂ ಉಳಿದಿರುವುದಿಲ್ಲ. ಈ ಭಯ ಬಿಟ್ಟುಬಿಡಿ. ಮೆಮೊರಿ ಕಾರ್ಡಿನಿಂದ ಓಡುವ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಆಗಿದ್ದರೆ ನಾನೂ ಯೋಚಿಸುತ್ತಿದ್ದೆ.

ಸ್ವಾಪ್‌ಗೆ ಡಿಸ್ಕಿನಲ್ಲಿ ಬೇರೆಯೇ ಪಾರ್ಟಿಷನ್ ಬೇಕೋ, ಫೈಲ್ ಸಾಕೋ? ಫೈಲ್ ಸಾಕು. 2.6 ಕರ್ನಲ್‌ನಿಂದ ಈಚೆಗೆ ಎರಡರ ವೇಗವೂ ಒಂದೇ. ಉಬುಂಟು 2017ರ 17.04ರಿಂದ ಸ್ವಾಪ್ ಫೈಲನ್ನೇ ಮಾಡುತ್ತಿದೆ. ಫೈಲ್ ಆದರೆ ಆಮೇಲೆ ದೊಡ್ಡದು ಸಣ್ಣದು ಮಾಡುವುದು ಐದು ನಿಮಿಷದ ಕೆಲಸ. ಹಳೆಯದನ್ನು 'ಸ್ವಾಪ್‌ಆಫ್' ಮಾಡಿ, 'ಡಿಡಿ' ಕಮಾಂಡಿನಿಂದ ಬೇಕಾದ ಅಳತೆಯ ಫೈಲ್ ಮಾಡಿ, ರೂಟ್ ಬಿಟ್ಟು ಬೇರೆ ಯಾರೂ ಓದದ ಹಾಗೆ ಅನುಮತಿ 600 ಕೊಟ್ಟು, 'ಎಂಕೆಸ್ವಾಪ್', 'ಸ್ವಾಪ್‌ಆನ್' ಮಾಡಿದರೆ ಮುಗಿಯಿತು. ಬೂಟ್ ಆದಾಗಲೆಲ್ಲ ಬರಬೇಕಾದರೆ ಎಫ್‌ಸ್ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಇರಬೇಕು. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಹಾಕಿದ್ದರೆ ಮಾತ್ರ ದಾರಿ ಸ್ವಲ್ಪ ಬೇರೆ. ಆ ಫೈಲಿಗೆ ಕಾಪಿ ಆನ್ ರೈಟ್ ಆರಿಸಬೇಕು, ಕರ್ನಲ್ 5.0 ಅಥವಾ ಅದರ ಮೇಲಿನದು ಬೇಕು. ಉಬುಂಟು ತಾನಾಗಿ ಹಾಕುವುದು ಎಕ್ಸ್‌ಟಿ4, ಅದಕ್ಕೆ ಈ ರಗಳೆ ಇಲ್ಲ.

ಅವಳ ಕೆಲಸ ಏನು ಅಂತ ನೀವು ಬರೆದಿಲ್ಲ. ಸಿ, ಪೈಥಾನ್, ಬ್ರೌಸರ್, ಪಿಡಿಎಫ್ ಇಷ್ಟೇ ಆದರೆ 4 ಜಿಬಿ ಧಾರಾಳ. ಇನ್‌ಸ್ಟಾಲರ್ ತಾನಾಗಿ ಅದಕ್ಕಿಂತ ಸಣ್ಣದು ಮಾಡಿದ್ದರೆ 4ಕ್ಕೆ ಏರಿಸಿ. ಉಬುಂಟು 22.04ರಲ್ಲಿ ಮೆಮೊರಿ ಒತ್ತಡ ನೋಡಿ ಪ್ರೋಗ್ರಾಮು ಮುಚ್ಚುವ ಊಮ್‌ಡಿ ಅನ್ನುವ ಸೇವೆ ಬಂತು. ಸ್ವಾಪ್ ತೀರಾ ಸಣ್ಣದಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಬ್ರೌಸರ್ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತಿದೆ ಅಂತ ಆಗ ದೂರುಗಳು ಬಂದವು. ಆಂಡ್ರಾಯ್ಡ್ ಸ್ಟುಡಿಯೊ ಮತ್ತು ಎಮ್ಯುಲೇಟರ್, ಅಥವಾ ಒಳಗೊಂದು ವರ್ಚುವಲ್ ಮೆಷಿನ್ ಓಡಿಸುವ ಕೆಲಸ ಇದ್ದರೆ 8 ಜಿಬಿ ಸ್ವಾಪ್ ಕೊಡಿ. ಆದರೆ ಆಗಲೂ ನಾನು ಹೇಳುವುದು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿ ಅಂತಲೇ.

ಹೈಬರ್ನೇಟ್ ಬೇಕೋ ಬೇಡವೋ ಅವಳನ್ನೇ ಕೇಳಿ. ಮುಚ್ಚಳ ಮುಚ್ಚಿದರೆ ಆಗುವುದು ಸಾಮಾನ್ಯವಾಗಿ ಸಸ್ಪೆಂಡ್. ಅದರಲ್ಲಿ ರ‍್ಯಾಮ್‌ಗೆ ಕರೆಂಟು ಹೋಗುತ್ತಲೇ ಇರುತ್ತದೆ, ಸ್ವಾಪ್ ಬೇಕಿಲ್ಲ. ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿ ಇರುವುದನ್ನು ಕುಗ್ಗಿಸಿ ಸ್ವಾಪ್‌ಗೆ ಬರೆದು ಯಂತ್ರ ಪೂರ್ತಿ ಆರುತ್ತದೆ. ರ‍್ಯಾಮಿನ ಐದನೇ ಎರಡು ಭಾಗಕ್ಕೆ ಹಾಗೆ ಬರೆಯುವ ನಕಲನ್ನು (ಇದಕ್ಕೆ ಇಮೇಜ್, ಅಂದರೆ ಚಿತ್ರ ಅನ್ನುತ್ತಾರೆ) ಇಳಿಸಲು ಕರ್ನಲ್ ನೋಡುತ್ತದೆ, 8 ಜಿಬಿಗೆ 3.2 ಜಿಬಿ. ಹಾಗಂತ ಅಷ್ಟೇ ಕೊಟ್ಟರೆ ಕೈಕೊಡುತ್ತದೆ. ಅವತ್ತು ತೆರೆದ ಪ್ರೋಗ್ರಾಮು ಜಾಸ್ತಿ ಇದ್ದರೆ ಚಿತ್ರ ದೊಡ್ಡದಾಗುತ್ತದೆ, ಸ್ವಾಪ್‌ನಲ್ಲಿ ಆಗಲೇ ಬೇರೆ ಪೇಜ್‌ಗಳೂ ಇರುತ್ತವೆ. ಅದಕ್ಕೇ ರ‍್ಯಾಮಿನಷ್ಟು, ಮೇಲೆ 2 ಜಿಬಿ. ಝಡ್‌ರ‍್ಯಾಮ್‌ಗೆ ಹೈಬರ್ನೇಟ್ ಮಾಡಲು ಬರುವುದಿಲ್ಲ, ಯಾಕೆ ಅಂತ ಈಗ ನಿಮಗೇ ಗೊತ್ತು. ಸ್ವಾಪ್ ಫೈಲ್ ಆದರೆ ಅದು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಅನ್ನುವ ಅಂಕಿಯನ್ನೂ ಬೂಟ್ ಸಾಲಿನಲ್ಲಿ ಕೊಡಬೇಕು. ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟು ಹೈಬರ್ನೇಟ್ ಮಾಡಲು ಬಿಡುವುದೇ ಇಲ್ಲ. ಪಕ್ಕದಲ್ಲಿ ವಿಂಡೋಸ್ ಕೂಡ ಇದ್ದರೆ, ಒಂದನ್ನು ಹೈಬರ್ನೇಟ್ ಮಾಡಿ ಇನ್ನೊಂದರಿಂದ ಅದರ ಫೈಲುಗಳಿಗೆ ಬರೆದರೆ ಡೇಟಾ ಕೆಡುತ್ತದೆ. ನನ್ನನ್ನು ಕೇಳಿದರೆ ಸ್ಟೂಡೆಂಟ್‌ಗಳಿಗೆ ಇದು ಬೇಡ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಹೇಗೂ ಬೇಗ ಬೂಟ್ ಆಗುತ್ತದೆ.

ಅಂಗಡಿಯಲ್ಲಿ 8 ಜಿಬಿ ತೆಗೆಯುವಾಗ ಒಂದು ಎಚ್ಚರಿಕೆ. ಯಂತ್ರವನ್ನು ಆಗಷ್ಟೇ ಬೂಟ್ ಮಾಡಿ, ಏನೂ ತೆರೆಯದೆ ಸ್ವಾಪ್‌ಆಫ್ ಮಾಡಿ. ತುಂಬಿರುವಾಗ ಮಾಡಿದರೆ ಅದನ್ನೆಲ್ಲ ರ‍್ಯಾಮ್‌ಗೆ ವಾಪಸ್ ತರಲು ಹೋಗಿ ಒದ್ದಾಡುತ್ತದೆ. ಹಳೇ ಸ್ವಾಪ್ ಪಾರ್ಟಿಷನ್ನಿನ ಸಾಲನ್ನು ಎಫ್‌ಸ್ಟ್ಯಾಬ್‌ನಿಂದ ತೆಗೆದು 2 ಜಿಬಿ ಫೈಲಿನ ಸಾಲು ಹಾಕಿ. ಪಾರ್ಟಿಷನ್ ಅಳಿಸಿದ ಮೇಲೆ ಕೆಲವು ಸಲ ಬೂಟ್ ಆಗುವಾಗ ಅರ್ಧ ನಿಮಿಷ ಕಪ್ಪು ಪರದೆ ಸುಮ್ನೆ ನಿಂತುಬಿಡುತ್ತದೆ. ಹೈಬರ್ನೇಟ್ ಚಿತ್ರ ಇದೆಯಾ ಅಂತ ಅದು ಹಳೇ ಪಾರ್ಟಿಷನ್ನನ್ನು ಹುಡುಕುತ್ತಿರುತ್ತದೆ. ಇಟಿಸಿ ಫೋಲ್ಡರಿನ 'ಇನಿಟ್‌ರ‍್ಯಾಮ್‌ಎಫ್‌ಎಸ್ ಟೂಲ್ಸ್' ಒಳಗೆ ಕಾನ್ಫ್‌ಡಿಯಲ್ಲಿ 'ರೆಸ್ಯೂಮ್' ಫೈಲ್ ಇರುತ್ತದೆ, ಇಲ್ಲದಿದ್ದರೆ ಹೊಸದಾಗಿ ಮಾಡಿ. ಅದರಲ್ಲಿ RESUME=none ಅಂತ ಬರೆದು, 'ಅಪ್‌ಡೇಟ್ ಇನಿಟ್‌ರ‍್ಯಾಮ್‌ಎಫ್‌ಎಸ್' ಅನ್ನು ಮೈನಸ್ ಯು ಜೊತೆ ಓಡಿಸಿದರೆ ಸರಿಹೋಗುತ್ತದೆ.

ಇಷ್ಟು ಮಾಡಿ ಒಂದೆರಡು ವಾರ ಕೆಲಸ ಮಾಡಿ ನೋಡಿ. ಜನ ಜಾಸ್ತಿ ಇರುವ ದಿನ ವಿಎಂಸ್ಟಾಟ್ ಮತ್ತೆ ಓಡಿಸಿ. ಝಡ್‌ರ‍್ಯಾಮ್ ಹಾಕಿದ ಮೇಲೆ ಎಸ್‌ಐ, ಎಸ್‌ಒ ಅಂಕಿಗಳು ಬರುವುದು ಸಹಜ, ಅದೂ ಸ್ವಾಪೇ ತಾನೇ. ಅದೇ ಸಾಲಿನ ಕೊನೆಯ ಕಡೆ 'ಡಬ್ಲ್ಯೂಎ' ಅಂತ ಕಾಲಂ ಇದೆ, ಡಿಸ್ಕಿಗಾಗಿ ಕಾದ ಹೊತ್ತು. ಅದು ಆಗಲೂ 30, 40ರಲ್ಲೇ ನಿಂತಿದ್ದರೆ ದುಡ್ಡು ಖರ್ಚು ಮಾಡಲೇಬೇಕು. ಒಂದೇ ಕೊಳ್ಳಬಹುದು ಅಂದರೆ 4 ಜಿಬಿ ರ‍್ಯಾಮ್ ಮೊದಲು, ಎಸ್‌ಎಸ್‌ಡಿ ಆಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸಿಗುತ್ತದೆ. ಬಸ್ಸು ಹತ್ತುವ ಮುಂಚೆ 'ಡಿಎಂಐಡಿಕೋಡ್' ಕಮಾಂಡನ್ನು ಮೈನಸ್ ಟಿ ಮೆಮೊರಿ ಜೊತೆ ಓಡಿಸಿ, ನಿಮ್ಮದು ಡಿಡಿಆರ್3 ಅಥವಾ ಡಿಡಿಆರ್4 ಯಾವುದು, ಸ್ಲಾಟ್ ಖಾಲಿ ಇದೆಯಾ ಅಂತ ಬರೆದುಕೊಳ್ಳಿ. ಒಂದರದ್ದು ಇನ್ನೊಂದರ ಸ್ಲಾಟಿಗೆ ಕೂರುವುದಿಲ್ಲ.